ಪಾಡ್‌ಕಾಸ್ಟ್: ಎಸ್ಸೆಸ್ಸೆಲ್ಸಿ ಇಂಗ್ಲಿಷ್‌ಗೆ ಹೆದರಬೇಡಿ, ನಿಮ್ಮ ಕನ್ನಡವೇ ಏಣಿ

(ಪಾಡ್‌ಕಾಸ್ಟ್‌ನ ಅಕ್ಷರ ರೂಪ. ಆಲೂರು ತಾಲ್ಲೂಕಿನ ಕುಂದೂರು ಭಾಗದಲ್ಲಿ ಇಂಗ್ಲಿಷ್ ಕಲಿಸುವ ಮೇಷ್ಟ್ರೊಬ್ಬರ ಮಾತು. ಇಂಗ್ಲಿಷ್ ವಾಕ್ಯಗಳನ್ನು ಅವರು ಹೇಳಿದಂತೆಯೇ ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇವೆ.)

ಇವತ್ತಿನ ಮಾತು ಹತ್ತನೇ ಕ್ಲಾಸಿನವರಿಗೆ. ನಿಮ್ಮ ಮನೇಲಿ ತಮ್ಮನೋ ತಂಗಿನೋ ಹತ್ತನೇ ಕ್ಲಾಸಲ್ಲಿದ್ರೆ, ಒಂದು ಇಯರ್‌ಫೋನ್ ಅವರ ಕಿವಿಗೂ ಕೊಡಿ. ವಿಷಯ ಇಂಗ್ಲಿಷ್. ಗ್ರಾಮರ್, ಪದಗಳು, ಓದು. ಪರೀಕ್ಷೆಗೆ ಇವನ್ನ ಅಭ್ಯಾಸ ಮಾಡೋದು ಹೇಗೆ ಅಂತ ಮಾತಾಡೋಣ.

ನಾನು ಮಾತಾಡ್ತಿರೋದು ಕುಂದೂರು ಕಡೆಯಿಂದ. ಹಾಸನದಿಂದ ಸಕಲೇಶಪುರಕ್ಕೆ ಹೋಗುವಾಗ ಮಧ್ಯೆ ಆಲೂರು ಸಿಗುತ್ತಲ್ಲ, ಆ ತಾಲ್ಲೂಕಿನ ಒಂದು ಹೋಬಳಿ ನಮ್ಮದು. ಕಾಫಿ, ಮೆಣಸು, ಗದ್ದೆ, ಮತ್ತೆ ಎಲ್ಲರಿಗೂ ಗೊತ್ತಿರೋ ಹಾಗೆ ಆನೆ. ಈ ಕಡೆ ಎಸ್ಸೆಸ್ಸೆಲ್ಸಿ ಓದೋ ಮಕ್ಕಳ ಕಷ್ಟ ಬೆಂಗಳೂರಿನ ಮಕ್ಕಳ ಕಷ್ಟದ ಥರ ಅಲ್ಲ. ರಿವಿಷನ್ ಶುರು ಆಗೋ ಹೊತ್ತಿಗೆ ಸರಿಯಾಗಿ ಕಾಫಿ ಕುಯ್ಲು. ಮೊದಲು ಅರೇಬಿಕಾ, ಆಮೇಲೆ ರೋಬಸ್ಟಾ, ಅದು ಮುಗಿಯೋದ್ರೊಳಗೆ ಮೆಣಸು. ಮನೇಲಿ ಕೈ ಬೇಕು. ಸಾಯಂಕಾಲ ಸ್ಪೆಷಲ್ ಕ್ಲಾಸ್ ಇಟ್ಕೊಳ್ಳೋಣ ಅಂದ್ರೆ, ಕತ್ತಲಾದ ಮೇಲೆ ತೋಟದ ದಾರೀಲಿ ಮಕ್ಕಳನ್ನ ನಡೆಸಿ ಕಳಿಸೋಕೆ ಯಾರಿಗೆ ಧೈರ್ಯ ಇರುತ್ತೆ? ಟ್ಯೂಷನ್ ಅಂದ್ರೆ ಆಲೂರಿಗೋ ಹಾಸನಕ್ಕೋ ಹೋಗಬೇಕು. ಬಸ್ ತಪ್ಪಿದ್ರೆ ಆ ದಿನ ಮುಗೀತು.

ಹಾಗಾಗಿ ಇಲ್ಲಿಯ ಮಕ್ಕಳ ಕೈಯಲ್ಲಿ ಉಳಿಯೋದು ಎರಡೇ: ಒಂದು ಟೆಕ್ಸ್ಟ್ ಬುಕ್ಕು, ಇನ್ನೊಂದು ಗೈಡು. ಹೆಚ್ಚಿನವರು ಗೈಡ್ ಹಿಡಿದು ಬಾಯಿಪಾಠ ಮಾಡ್ತಾರೆ. ಇವತ್ತು ನಾನು ಹೇಳೋಕೆ ಬಂದಿರೋದು ಅದಕ್ಕೆ ಉಲ್ಟಾ. ನಿಮ್ಮ ಹತ್ರ ಮೂರನೇದೂ ಒಂದಿದೆ. ನಿಮ್ಮ ಕನ್ನಡ. ಇಂಗ್ಲಿಷ್ ಗ್ರಾಮರ್‌ನಲ್ಲಿ ನೀವು ಎಡವೋ ಜಾಗಗಳೆಲ್ಲ ಹೆಚ್ಚುಕಡಿಮೆ ಕನ್ನಡ ಮತ್ತು ಇಂಗ್ಲಿಷ್ ಬೇರೆ ಬೇರೆ ದಾರಿ ಹಿಡಿಯೋ ಜಾಗಗಳು. ಆ ಕವಲು ಎಲ್ಲೆಲ್ಲಿದೆ ಅಂತ ಒಂದ್ಸಲ ನೋಡಿಕೊಂಡ್ರೆ, ನೂರು ಪುಟದ ಗೈಡ್ ಮಾಡದ ಕೆಲಸ ಆಗುತ್ತೆ.

ಬಾಯಿಪಾಠ ಎಲ್ಲಿ ಕೈ ಕೊಡುತ್ತೆ

ಮೊದಲು ಪರೀಕ್ಷೆ ಯಾವ ಥರ ಅಂತ ನೆನಪು ಮಾಡಿಕೊಳ್ಳೋಣ. ಕನ್ನಡ ಮಾಧ್ಯಮದವರಿಗೆ ಇಂಗ್ಲಿಷ್ ದ್ವಿತೀಯ ಭಾಷೆ. 80 ಅಂಕ ಬರವಣಿಗೆಗೆ, 20 ಅಂಕ ಶಾಲೆಯ ಆಂತರಿಕ ಮೌಲ್ಯಮಾಪನಕ್ಕೆ. ಒಟ್ಟು 100. ಪಾಠ, ಪದ್ಯಗಳ ಪ್ರಶ್ನೆಗಳ ಒಂದು ಭಾಗವನ್ನ ಬಾಯಿಪಾಠದಿಂದ ಬರೀಬಹುದು, ನಿಜ. ಪದ್ಯದ ಸಾಲುಗಳನ್ನಂತೂ ಬಾಯಿಪಾಠ ಮಾಡಲೇಬೇಕು, ಅದಕ್ಕೆ ಬೇರೆ ದಾರಿ ಇಲ್ಲ.

ಆದ್ರೆ ಗ್ರಾಮರ್ ಪ್ರಶ್ನೆಯಲ್ಲಿ ಬರೋ ವಾಕ್ಯ ಹೋದ ವರ್ಷದ್ದಲ್ಲ. ಓದಿ ಉತ್ತರಿಸಿ ಅಂತ ಕೊಡೋ ಪ್ಯಾಸೇಜ್ ನಿಮ್ಮ ಪುಸ್ತಕದ್ದಲ್ಲ. ಲೆಟರ್ ಯಾರಿಗೆ ಬರೀಬೇಕು ಅನ್ನೋದು ಆ ದಿನವೇ ಗೊತ್ತಾಗೋದು. ಸುಳಿವು ನೋಡಿ ಕಥೆ ಬರೀರಿ, ಚಿತ್ರ ನೋಡಿ ಬರೀರಿ, ಸಂಭಾಷಣೆ ಪೂರ್ತಿ ಮಾಡಿ. ಇವು ಯಾವುವೂ ಬಾಯಿಪಾಠಕ್ಕೆ ಸಿಗೋದಿಲ್ಲ. ನೀವೇ ಒಂದು ಇಂಗ್ಲಿಷ್ ವಾಕ್ಯ ಕಟ್ಟಬೇಕು. ಇಲ್ಲಿ ಪೆನ್ನು ನಿಂತುಹೋಗುತ್ತೆ.

ನಮ್ಮ ರಾಜ್ಯದಲ್ಲಿ 2007-08ರಿಂದ ಸರ್ಕಾರಿ ಶಾಲೆಗಳಲ್ಲೂ ಒಂದನೇ ಕ್ಲಾಸಿನಿಂದ ಇಂಗ್ಲಿಷ್ ಒಂದು ವಿಷಯವಾಗಿ ಇದೆ. ಅಂದ್ರೆ ನೀವು ಹತ್ತು ವರ್ಷ ಇಂಗ್ಲಿಷ್ ಕೇಳಿದ್ದೀರಿ. ಏನೂ ಗೊತ್ತಿಲ್ಲ ಅನ್ನೋದು ಸುಳ್ಳು. ಗೊತ್ತಿರೋದನ್ನ ಜೋಡಿಸೋಕೆ ಬರ್ತಿಲ್ಲ, ಅಷ್ಟೇ. ಬನ್ನಿ, ಜೋಡಿಸೋಣ.

ಆನೆ ನಾಯಿಯನ್ನ ಓಡಿಸ್ತೋ, ನಾಯಿ ಆನೆಯನ್ನೋ?

ಮೊದಲನೇ ಕವಲು ಪದಗಳ ಸಾಲು. 'ಆನೆ ನಾಯಿಯನ್ನು ಓಡಿಸಿತು.' ಇದನ್ನೇ 'ನಾಯಿಯನ್ನು ಆನೆ ಓಡಿಸಿತು' ಅಂದ್ರೂ ಅರ್ಥ ಅದೇ. ಯಾಕೆ? 'ಅನ್ನು' ಅನ್ನೋ ವಿಭಕ್ತಿ ಪ್ರತ್ಯಯ ನಾಯಿಗೆ ಅಂಟಿಕೊಂಡಿದೆ. ನಾಯಿ ವಾಕ್ಯದಲ್ಲಿ ಎಲ್ಲಿ ಕೂತರೂ ಓಡಿದ್ದು ನಾಯಿನೇ.

ಇಂಗ್ಲಿಷ್‌ನಲ್ಲಿ ಆ ಪ್ರತ್ಯಯ ಇಲ್ಲ. 'ದಿ ಎಲಿಫೆಂಟ್ ಚೇಸ್ಡ್ ದ ಡಾಗ್.' ಪದಗಳ ಜಾಗ ಬದಲಾಯಿಸಿ ನೋಡಿ: 'ದ ಡಾಗ್ ಚೇಸ್ಡ್ ದಿ ಎಲಿಫೆಂಟ್.' ಕಥೆನೇ ಬದಲಾಯ್ತು! ಕ್ರಿಯಾಪದದ ಹಿಂದೆ ನಿಂತವರು ಕೆಲಸ ಮಾಡಿದವರು, ಮುಂದೆ ನಿಂತವರು ಮಾಡಿಸಿಕೊಂಡವರು. ಕನ್ನಡದಲ್ಲಿ ಪ್ರತ್ಯಯ ಮಾಡೋ ಕೆಲಸವನ್ನ ಇಂಗ್ಲಿಷ್‌ನಲ್ಲಿ ಜಾಗ ಮಾಡುತ್ತೆ.

ಅದಕ್ಕೇ ಪ್ರತಿ ವಾಕ್ಯ ಬರೆಯೋ ಮುಂಚೆ ನಿಮ್ಮನ್ನ ನೀವೇ ಕೇಳಿಕೊಳ್ಳಿ: ಯಾರು? ಏನು ಮಾಡಿದರು? ಯಾರನ್ನ, ಯಾವುದನ್ನ? ಎಲ್ಲಿ? ಯಾವಾಗ? ಈ ಐದು ಉತ್ತರವನ್ನ ಇದೇ ಸಾಲಲ್ಲಿ ಇಡಿ. ವಾಕ್ಯ ತೊಂಬತ್ತು ಭಾಗ ಸರಿಯಾಗಿರುತ್ತೆ.

ಅಭ್ಯಾಸಕ್ಕೆ ಒಂದು ದಾರಿ ಇದೆ. ನಮ್ಮ ಕಡೆ ಆನೆ ಎಲ್ಲಿದೆ ಅಂತ ಮೊಬೈಲ್‌ಗೆ ಮೆಸೇಜ್ ಬರುತ್ತೆ, ಊರಿನ ವಾಟ್ಸಾಪ್ ಗ್ರೂಪಲ್ಲೂ ಓಡಾಡುತ್ತೆ. ಅದನ್ನ ದಿನಾ ಒಂದು ಇಂಗ್ಲಿಷ್ ವಾಕ್ಯ ಮಾಡಿ. 'ಎರಡು ಆನೆ ಬೆಳಗ್ಗೆ ಗದ್ದೆ ಬಯಲು ದಾಟಿದವು.' 'ಟೂ ಎಲಿಫೆಂಟ್ಸ್ ಕ್ರಾಸ್ಡ್ ದ ಪ್ಯಾಡಿ ಫೀಲ್ಡ್ ಇನ್ ದ ಮಾರ್ನಿಂಗ್.' ಯಾರು, ಏನು, ಯಾವುದನ್ನ, ಯಾವಾಗ. ಆಯ್ತಲ್ಲ! ಆನೆ ಇಲ್ಲದ ಊರಿನವರು ಬಸ್ಸು, ಕರೆಂಟು, ಕ್ರಿಕೆಟ್ಟು ಯಾವುದರ ಸುದ್ದಿ ಬೇಕಾದ್ರೂ ಇಟ್ಕೊಳ್ಳಿ.

ಬಾಲದ 'ಎಸ್'

ಎರಡನೇ ಕವಲು. ಕನ್ನಡದ ಕ್ರಿಯಾಪದ ಎಷ್ಟು ವೇಷ ಹಾಕುತ್ತೆ ನೋಡಿ: ನಾನು ಕುಯ್ತೀನಿ, ನೀನು ಕುಯ್ತೀಯ, ಅವಳು ಕುಯ್ತಾಳೆ, ಅವನು ಕುಯ್ತಾನೆ, ಅವರು ಕುಯ್ತಾರೆ. ಇಷ್ಟನ್ನೂ ತಪ್ಪಿಲ್ಲದೆ ಮಾತಾಡೋ ನಿಮಗೆ ಇಂಗ್ಲಿಷ್‌ನ ವರ್ತಮಾನ ಕಾಲ ಯಾಕೆ ಕಷ್ಟ ಆಗಬೇಕು? ಐ ಪಿಕ್, ಯು ಪಿಕ್, ವಿ ಪಿಕ್, ದೇ ಪಿಕ್. ಬದಲಾಗೋದು ಒಂದೇ ಕಡೆ: ಹಿ, ಶಿ, ಇಟ್ ಬಂದಾಗ 'ಪಿಕ್ಸ್'. ಅಮ್ಮ ಅಂದ್ರೂ ಶಿ, ಬಸ್ಸು ಅಂದ್ರೂ ಇಟ್. 'ಮೈ ಮದರ್ ಪಿಕ್ಸ್ ಕಾಫಿ.' 'ದ ಬಸ್ ಕಮ್ಸ್ ಅಟ್ ಎಯ್ಟ್.' ಬರೆದು ಮುಗಿಸಿದ ಮೇಲೆ ವಾಪಸ್ ಓದುವಾಗ ಈ ಬಾಲ ಒಂದನ್ನೇ ಹುಡುಕಿ. ಲೆಟರ್, ಪ್ರೊಫೈಲ್, ಚಿತ್ರದ ವಿವರಣೆ, ಎಲ್ಲದರಲ್ಲೂ ಹೆಚ್ಚು ಬಿಟ್ಟುಹೋಗೋದು ಇದೇ.

ಎ, ಆ್ಯನ್: ಕನ್ನಡದಲ್ಲಿ ಬರೆದು ನೋಡಿ

'ಎ' ಹಾಕಬೇಕೋ 'ಆ್ಯನ್' ಹಾಕಬೇಕೋ ಅನ್ನೋದಕ್ಕೆ ನಮ್ಮವರಿಗೆ ಒಂದು ಸುಲಭದ ಉಪಾಯ ಇದೆ. ಇಂಗ್ಲಿಷ್ ಮಾತ್ರ ಬಂದವರಿಗೆ ಈ ಉಪಾಯ ಇಲ್ಲ. ಆ ಪದವನ್ನ ಕನ್ನಡ ಅಕ್ಷರದಲ್ಲಿ ಬರೀರಿ. ಸ್ವರದಿಂದ ಶುರುವಾದ್ರೆ ಆ್ಯನ್, ವ್ಯಂಜನದಿಂದ ಶುರುವಾದ್ರೆ ಎ. ಮುಗೀತು.

'ಅವರ್', ಅಂದ್ರೆ ಗಂಟೆ. ಇಂಗ್ಲಿಷ್ ಸ್ಪೆಲ್ಲಿಂಗ್ 'ಎಚ್' ಅಕ್ಷರದಿಂದ ಶುರು. ಆದ್ರೆ ಕನ್ನಡದಲ್ಲಿ ಬರೆದರೆ 'ಅ', ಸ್ವರ. ಆದ್ದರಿಂದ ಆ್ಯನ್ ಅವರ್. 'ಯೂನಿವರ್ಸಿಟಿ': ಸ್ಪೆಲ್ಲಿಂಗ್ 'ಯು' ಅನ್ನೋ ವವೆಲ್‌ನಿಂದ ಶುರು, ಕನ್ನಡದಲ್ಲಿ 'ಯ'ಕಾರ, ವ್ಯಂಜನ. ಎ ಯೂನಿವರ್ಸಿಟಿ. 'ಒನ್ ರುಪೀ ಕಾಯಿನ್' ಅನ್ನೋದನ್ನ ಕಿವಿಗೆ ಕೇಳೋ ಹಾಗೆ ಬರೀರಿ, 'ವನ್' ಆಗುತ್ತೆ. ಎ ವನ್ ರುಪೀ ಕಾಯಿನ್. 'ಎಂಎಲ್ಎ' ಸ್ವರ. ಆ್ಯನ್ ಎಂಎಲ್ಎ.

ಒಂದೇ ಎಚ್ಚರಿಕೆ. ನಾವು ಮಾತಾಡುವಾಗ 'ಎಗ್' ಅನ್ನೋದನ್ನ 'ಯೆಗ್' ಅಂತೀವಿ. ಅಲ್ಲಿ ಬಾಯಿಯನ್ನ ನಂಬಬೇಡಿ. ಅದು 'ಎ', ಸ್ವರ. ಆ್ಯನ್ ಎಗ್.

ಪ್ರಶ್ನೆ ಕಟ್ಟೋದು, ಮತ್ತೆ ನಮ್ಮ 'ಅಲ್ವಾ'

ಗೆರೆ ಎಳೆದ ಪದ ಉತ್ತರವಾಗಿ ಬರೋ ಹಾಗೆ ಪ್ರಶ್ನೆ ಮಾಡಿ ಅಂತ ಕೇಳ್ತಾರಲ್ಲ, ಅಲ್ಲಿಗೆ ಬರೋಣ. 'ಅನಿತಾ ನಿನ್ನೆ ಆಲೂರಿಗೆ ಹೋದಳು.' ಕನ್ನಡದಲ್ಲಿ ಪ್ರಶ್ನೆ ಮಾಡೋದು ಎಷ್ಟು ಸಲೀಸು! ಆಲೂರಿಗೆ ಅನ್ನೋದನ್ನ ಕಿತ್ತು ಅದೇ ಜಾಗದಲ್ಲಿ 'ಎಲ್ಲಿಗೆ' ಇಟ್ರೆ ಆಯ್ತು. 'ಅನಿತಾ ನಿನ್ನೆ ಎಲ್ಲಿಗೆ ಹೋದಳು?'

ಇಂಗ್ಲಿಷ್‌ನಲ್ಲಿ ಎರಡು ಕೆಲಸ ಜಾಸ್ತಿ. ಒಂದು, ಪ್ರಶ್ನೆ ಪದ ವಾಕ್ಯದ ತಲೆಗೆ ಬರಬೇಕು. ಎರಡು, ಅದರ ಹಿಂದೆನೇ ಒಬ್ಬ ಸಹಾಯಕ ಬರಬೇಕು: ಡು, ಡಸ್, ಡಿಡ್. 'ಅನಿತಾ ವೆಂಟ್ ಟು ಆಲೂರ್ ಯೆಸ್ಟರ್‌ಡೇ.' ಪ್ರಶ್ನೆ: 'ವೇರ್ ಡಿಡ್ ಅನಿತಾ ಗೋ ಯೆಸ್ಟರ್‌ಡೇ?' ಇಲ್ಲಿ 'ವೆಂಟ್' ಹೋಗಿ 'ಗೋ' ಆಗಿದ್ದನ್ನ ಗಮನಿಸಿ. ಭೂತಕಾಲದ ಹೊರೆಯನ್ನ 'ಡಿಡ್' ಹೊತ್ಕೊಂಡಿದೆ, ಇಬ್ಬರೂ ಹೊರಬೇಕಾಗಿಲ್ಲ. ವಾಕ್ಯದಲ್ಲಿ ಮೊದಲೇ ಈಸ್, ವಾಸ್, ಕ್ಯಾನ್, ವಿಲ್ ಇದ್ರೆ ಹೊಸ ಸಹಾಯಕ ಬೇಡ, ಇರೋರನ್ನೇ ಮುಂದೆ ತನ್ನಿ. ಗೆರೆ ಎಳೆದಿರೋದು 'ಅನಿತಾ' ಅನ್ನೋ ಪದಕ್ಕೇ ಆಗಿದ್ರೆ ಇನ್ನೂ ಸುಲಭ: 'ಹೂ ವೆಂಟ್ ಟು ಆಲೂರ್ ಯೆಸ್ಟರ್‌ಡೇ?' ಅಲ್ಲಿ ಸಹಾಯಕರೇ ಬೇಡ.

ಕ್ವೆಶ್ಚನ್ ಟ್ಯಾಗ್ ಅಂದ್ರೆ ನಮ್ಮ 'ಅಲ್ವಾ'. ಮಳೆ ಬಂತು ಅಲ್ವಾ, ಅವಳು ಬರ್ತಾಳೆ ಅಲ್ವಾ, ನೀನು ತಿಂದೆ ಅಲ್ವಾ. ಎಲ್ಲದಕ್ಕೂ ಒಂದೇ 'ಅಲ್ವಾ'. ಅದಕ್ಕೇ ನಮ್ಮ ಬಾಯಲ್ಲಿ ಎಲ್ಲದಕ್ಕೂ 'ಇಸಂಟ್ ಇಟ್' ಬಂದುಬಿಡುತ್ತೆ. ಇಂಗ್ಲಿಷ್ 'ಅಲ್ವಾ' ವಾಕ್ಯದಿಂದ ವಾಕ್ಯಕ್ಕೆ ಬಟ್ಟೆ ಬದಲಾಯಿಸುತ್ತೆ. ವಾಕ್ಯದಲ್ಲಿ 'ಈಸ್' ಇದ್ರೆ 'ಇಸಂಟ್', 'ಕ್ಯಾನ್' ಇದ್ರೆ 'ಕಾಂಟ್', ಏನೂ ಇಲ್ಲದಿದ್ರೆ 'ಡೋಂಟ್, ಡಸಂಟ್, ಡಿಡಂಟ್'. ವಾಕ್ಯದಲ್ಲೇ 'ನಾಟ್' ಇದ್ರೆ ಟ್ಯಾಗ್‌ನಲ್ಲಿ 'ನಾಟ್' ಬರಬಾರದು. 'ಶಿ ಪಿಕ್ಸ್ ಕಾಫಿ, ಡಸಂಟ್ ಶಿ?' 'ಶಿ ಕಾಂಟ್ ಸ್ವಿಮ್, ಕ್ಯಾನ್ ಶಿ?'

ಪೇಪರ್ ಓದೋರಿಗೆ ಪ್ಯಾಸಿವ್ ಹೊಸದಲ್ಲ

'ಆಕ್ಟಿವ್, ಪ್ಯಾಸಿವ್ ನನಗೆ ಬರಲ್ಲ ಸರ್' ಅಂತ ಮಕ್ಕಳು ಅಂತಾರೆ. ಆದ್ರೆ ನಿಮಗೆ ಅದು ದಿನಾ ಕಣ್ಣಿಗೆ ಬೀಳುತ್ತೆ. 'ಪುಂಡಾನೆಯನ್ನು ಸೆರೆಹಿಡಿಯಲಾಯಿತು.' 'ರಸ್ತೆಯನ್ನು ದುರಸ್ತಿ ಮಾಡಲಾಗುವುದು.' ಇದೇ ಪ್ಯಾಸಿವ್. ಯಾರು ಮಾಡಿದ್ರು ಅನ್ನೋದು ಮುಖ್ಯ ಅಲ್ಲ, ಏನಾಯ್ತು ಅನ್ನೋದು ಮುಖ್ಯ. ಮಾತಾಡುವಾಗ ನಾವು ಹೀಗೆ ಹೇಳೋದಿಲ್ಲ, ಪೇಪರ್ ಹೇಳುತ್ತೆ.

ಇಂಗ್ಲಿಷ್‌ನಲ್ಲಿ ಇದಕ್ಕೆ ಎರಡೇ ತುಂಡು: ಕಾಲ ಹೇಳೋ ಒಂದು 'ಬಿ' ರೂಪ, ಮತ್ತೆ ಕ್ರಿಯಾಪದದ ಮೂರನೇ ರೂಪ. 'ದೇ ಪಿಕ್ ಕಾಫಿ', ಅದು 'ಕಾಫಿ ಈಸ್ ಪಿಕ್ಡ್' ಆಗುತ್ತೆ. 'ದೇ ಪಿಕ್ಡ್' ಅಂದ್ರೆ 'ವಾಸ್ ಪಿಕ್ಡ್'. 'ದೇ ಆರ್ ಪಿಕಿಂಗ್' ಅಂದ್ರೆ 'ಈಸ್ ಬೀಯಿಂಗ್ ಪಿಕ್ಡ್'. 'ದೇ ವಿಲ್ ಪಿಕ್' ಅಂದ್ರೆ 'ವಿಲ್ ಬಿ ಪಿಕ್ಡ್'. ನೋಡಿ, 'ಪಿಕ್ಡ್' ಅಲ್ಲಾಡಲೇ ಇಲ್ಲ. ಬದಲಾಗಿದ್ದು ಮುಂದಿನ ತುಂಡು ಮಾತ್ರ. ಮೂರನೇ ರೂಪಗಳ ಪಟ್ಟಿಯೊಂದನ್ನ ಬಾಯಿಪಾಠ ಮಾಡಿ: ಗೋ, ವೆಂಟ್, ಗಾನ್. ಬೈಟ್, ಬಿಟ್, ಬಿಟನ್. ಬಾಯಿಪಾಠಕ್ಕೆ ಸರಿಯಾದ ಜಾಗ ಇದು.

ರಿಪೋರ್ಟೆಡ್ ಸ್ಪೀಚ್ ಕೂಡ ಹಾಗೇ. ಮಾತಿನಲ್ಲಿ ನಮಗೆ 'ಅಂತ' ಇದೆ. 'ನಾಳೆ ಬರ್ತೀನಿ ಅಂತ ಅವನು ಹೇಳಿದ.' ಅವನಾಡಿದ ಮಾತನ್ನ ಹಾಗೇ ಎತ್ತಿಟ್ಟು 'ಅಂತ' ಹಚ್ಚಿದ್ರೆ ಆಯ್ತು. ಇದನ್ನೇ ಇಂಗ್ಲಿಷ್‌ಗೆ ಹೊತ್ಕೊಂಡು ಹೋದ್ರೆ 'ಹಿ ಸೆಡ್ ದಟ್ ಐ ವಿಲ್ ಕಮ್ ಟುಮಾರೋ' ಆಗುತ್ತೆ. ತಪ್ಪು. ಈಗ ಪೇಪರ್ ಭಾಷೆ ನೋಡಿ: 'ತಾವು ಮರುದಿನ ಬರುವುದಾಗಿ ಶಾಸಕರು ತಿಳಿಸಿದರು.' 'ನಾನು' ಹೋಗಿ 'ತಾವು' ಆಯ್ತು, 'ನಾಳೆ' ಹೋಗಿ 'ಮರುದಿನ' ಆಯ್ತು. ಇಂಗ್ಲಿಷ್ ಮಾಡೋದೂ ಇದನ್ನೇ, ಜೊತೆಗೆ ಕ್ರಿಯಾಪದವನ್ನೂ ಒಂದು ಹೆಜ್ಜೆ ಹಿಂದಕ್ಕೆ ಇಡುತ್ತೆ. 'ಹಿ ಸೆಡ್ ದಟ್ ಹಿ ವುಡ್ ಕಮ್ ದ ನೆಕ್ಸ್ಟ್ ಡೇ.' ಆಳು ಬದಲಾಯ್ತಾ, ಕಾಲ ಬದಲಾಯ್ತಾ, ದಿನ ಬದಲಾಯ್ತಾ? ಮೂರೂ ಟಿಕ್ ಆದ್ರೆ ಉತ್ತರ ಸರಿ.

ಹೂಮಳೆ ಮತ್ತು ಇಫ್ ಕ್ಲಾಸ್

ಕಾಫಿಯವರಿಗೆ ಇದನ್ನ ವಿವರಿಸೋದು ಸುಲಭ. ಹೂಮಳೆ ಬರೋದು, ನೀವು ಪರೀಕ್ಷೆ ಬರೆಯೋದು ಹೆಚ್ಚುಕಡಿಮೆ ಒಂದೇ ಕಾಲಕ್ಕೆ. ಫೆಬ್ರವರಿ ಕೊನೆಯಲ್ಲಿ ಅಪ್ಪ ಆಕಾಶ ನೋಡ್ಕೊಂಡು ಹೇಳ್ತಾರೆ, 'ಮಳೆ ಬಂದ್ರೆ ಹೂ ಅರಳುತ್ತೆ.' ಇನ್ನೂ ಆಸೆ ಇದೆ. 'ಇಫ್ ಇಟ್ ರೇನ್ಸ್, ದ ಕಾಫಿ ವಿಲ್ ಬ್ಲಾಸಮ್.' ಆಮೇಲೆ ಏಪ್ರಿಲ್ ಮುಗಿದ ಮೇಲೆ ಹೇಳ್ತಾರೆ, 'ಮಾರ್ಚ್‌ನಲ್ಲಿ ಮಳೆ ಬಂದಿದ್ರೆ ಹೂ ಅರಳ್ತಿತ್ತು.' ಕಾಲ ಮಿಂಚಿ ಹೋಗಿದೆ. 'ಇಫ್ ಇಟ್ ಹ್ಯಾಡ್ ರೇನ್ಡ್ ಇನ್ ಮಾರ್ಚ್, ದ ಕಾಫಿ ವುಡ್ ಹ್ಯಾವ್ ಬ್ಲಾಸಮ್ಡ್.'

ಇವೆರಡರ ಮಧ್ಯೆ ಇನ್ನೊಂದಿದೆ, ಬರೀ ಕಲ್ಪನೆ. 'ನನಗೆ ರೆಕ್ಕೆ ಇದ್ದಿದ್ರೆ ಹಾರ್ತಿದ್ದೆ.' 'ಇಫ್ ಐ ಹ್ಯಾಡ್ ವಿಂಗ್ಸ್, ಐ ವುಡ್ ಫ್ಲೈ.' ಕನ್ನಡದಲ್ಲಿ ಈ ಕಲ್ಪನೆಗೂ ಮಿಂಚಿಹೋದ ಕಾಲಕ್ಕೂ ಹೆಚ್ಚು ವ್ಯತ್ಯಾಸ ಕಾಣೋದಿಲ್ಲ, ಎರಡಕ್ಕೂ 'ಇದ್ರೆ, ತಿತ್ತು' ಅಂತೀವಿ. ಇಂಗ್ಲಿಷ್ ಬೇರೆ ಮಾಡುತ್ತೆ. ಹಾಗಾಗಿ ಆಯ್ಕೆ ಪ್ರಶ್ನೆ ಬಂದಾಗ ಕೇಳಿಕೊಳ್ಳಿ: ಇದು ಆಸೆಯಾ, ಕನಸಾ, ಮಿಂಚಿದ್ದಾ? ಆಸೆಗೆ ವಿಲ್, ಕನಸಿಗೆ ವುಡ್, ಮಿಂಚಿದ್ದಕ್ಕೆ ವುಡ್ ಹ್ಯಾವ್.

ಪದ ಕೂಡಿಸೋದು ಹೇಗೆ

ಇನ್ನು ಪದಗಳು. ದಿನಕ್ಕೆ ಐವತ್ತು ಪದ ಬಾಯಿಪಾಠ ಅಂತ ಶುರು ಮಾಡಿದವರು ಮೂರನೇ ದಿನ ಬಿಡ್ತಾರೆ. ದಿನಕ್ಕೆ ಐದು ಸಾಕು, ಆದ್ರೆ ಪ್ರತಿ ಪದವೂ ಒಂದು ವಾಕ್ಯದೊಳಗೆ ಇರಬೇಕು.

ಮೊದಲು ಮನೇಲಿರೋದನ್ನ ಎಣಿಸಿ. ಎಸ್ಟೇಟ್, ನರ್ಸರಿ, ಪಲ್ಪರ್, ಶೇಡ್, ಪಾರ್ಚ್‌ಮೆಂಟ್, ಚೆರಿ, ಬ್ಲಾಸಮ್. ಶಾಲೆಗೇ ಹೋಗದ ಅಜ್ಜಿ ಕೂಡ ಈ ಪದ ಬಳಸ್ತಾರೆ. ಇವೆಲ್ಲ ಇಂಗ್ಲಿಷೇ. ಸ್ಪೆಲ್ಲಿಂಗ್ ಮತ್ತು ಇನ್ನೊಂದು ಅರ್ಥ ಕಲಿತ್ರೆ ಪದ ನಿಮ್ಮದು. ನಮ್ಮ ತೋಟಗಳಲ್ಲಿ 'ರೈಟರ್' ಅಂದ್ರೆ ಆಳುಗಳ ಲೆಕ್ಕ ನೋಡೋರು, ಪುಸ್ತಕದಲ್ಲಿ ರೈಟರ್ ಅಂದ್ರೆ ಲೇಖಕರು. 'ಶೇಡ್' ಅಂದ್ರೆ ಮರದ ನೆರಳು, ಬಣ್ಣದ ಛಾಯೆಯೂ ಹೌದು. ಗೊಬ್ಬರದ ಚೀಲ, ಔಷಧಿ ಬಾಟಲಿ ಮೇಲಿನ ಅಕ್ಷರ ಓದಿ. 'ಶೇಕ್ ವೆಲ್ ಬಿಫೋರ್ ಯೂಸ್' ಅನ್ನೋದು ಪೂರ್ತಿ ವಾಕ್ಯ, ಆಜ್ಞಾರ್ಥಕ ವಾಕ್ಯ.

ವಿರುದ್ಧ ಪದಕ್ಕೆ ನಿಮ್ಮ ಸಂಧಿ ಪಾಠ ಸಹಾಯಕ್ಕೆ ಬರುತ್ತೆ. ಸತ್ ಜೊತೆ ಜನ ಸೇರಿದ್ರೆ ಸಜ್ಜನ ಆಗುತ್ತೆ, ಪಕ್ಕದವನ ದನಿ ತಾನೂ ಹಿಡಿಯುತ್ತೆ. ಇಂಗ್ಲಿಷ್‌ನ 'ಇನ್' ಅನ್ನೋ ಪ್ರಿಫಿಕ್ಸ್ ಕೂಡ ಹಾಗೇ. 'ಲೀಗಲ್' ಪಕ್ಕ ಬಂದ್ರೆ 'ಇಲ್‌ಲೀಗಲ್', 'ರೆಗ್ಯುಲರ್' ಪಕ್ಕ 'ಇರ್‌ರೆಗ್ಯುಲರ್', 'ಪಾಸಿಬಲ್' ಪಕ್ಕ 'ಇಂಪಾಸಿಬಲ್'. 'ಅನ್' ಮತ್ತು 'ಡಿಸ್' ಮಾತ್ರ ಹೀಗೆ ಬದಲಾಗೋದಿಲ್ಲ: ಅನ್‌ಹ್ಯಾಪಿ, ಅನ್‌ಲಕಿ, ಡಿಸ್‌ಲೈಕ್. ಯಾವ ಪದಕ್ಕೆ ಯಾವುದು ಅನ್ನೋದನ್ನ ಓದ್ತಾ ಓದ್ತಾ ಗುರುತು ಹಾಕ್ಕೊಳ್ಳಿ.

ಫೋನ್ ಇದೆಯಲ್ಲ, ಅದರಲ್ಲಿ ಡಿಕ್ಷನರಿ ನೋಡಿ. ಕನ್ನಡ ಪದ ಗೊತ್ತು, ಇಂಗ್ಲಿಷ್ ಗೊತ್ತಿಲ್ಲ ಅನ್ನೋವಾಗ ವಿ. ಕೃಷ್ಣ ಅವರ 'ಅಲರ್' ಕನ್ನಡ-ಇಂಗ್ಲಿಷ್ ನಿಘಂಟು ಇಂಟರ್ನೆಟ್ಟಲ್ಲಿ ಪುಕ್ಕಟೆ ಸಿಗುತ್ತೆ. ನೆಟ್‌ವರ್ಕ್ ಸಿಗೋ ಜಾಗಕ್ಕೆ ಹೋದಾಗ ದೀಕ್ಷಾ ಆ್ಯಪ್‌ನಲ್ಲಿ ಬೇಕಾದ ಪಾಠ, ಮಂಡಳಿಯ ವೆಬ್‌ಸೈಟ್‌ನಿಂದ ಮಾದರಿ ಪ್ರಶ್ನೆಪತ್ರಿಕೆ ಡೌನ್‌ಲೋಡ್ ಮಾಡಿಟ್ಕೊಳ್ಳಿ. ಮಳೆಗೆ ಟವರ್ ಹೋದ್ರೂ ಓದು ನಿಲ್ಲಬಾರದು. ಒಂದು ಮಾತು ಮಾತ್ರ ನೆನಪಿಡಿ: ಲೆಟರ್ ಬರೆದುಕೊಡು ಅಂತ ಫೋನಿಗೆ ಹೇಳಿದ್ರೆ ಅದು ಚೆನ್ನಾಗೇ ಬರೆದುಕೊಡುತ್ತೆ. ಪರೀಕ್ಷೆ ಹಾಲ್‌ಗೆ ಫೋನ್ ಬರಲ್ಲ. ಮೊದಲು ನೀವು ಬರೀರಿ, ಆಮೇಲೆ ತಪ್ಪು ತೋರಿಸು ಅಂತ ಕೇಳಿ.

ಗೊತ್ತಿಲ್ಲದ ಪದ ಬಂದ್ರೆ ನಿಲ್ಲಬೇಡಿ

ಓದಿನ ವಿಷಯ. ಪ್ಯಾಸೇಜ್ ಕೊಟ್ಟಾಗ ಮೊದಲ ಸಾಲಲ್ಲಿ ಗೊತ್ತಿಲ್ಲದ ಪದ ಸಿಕ್ಕಿದ ತಕ್ಷಣ ಮಕ್ಕಳು ಅಲ್ಲೇ ಕೂತುಬಿಡ್ತಾರೆ. ಒಂದು ಸಾಲು ಕೇಳಿ: 'ಎ ಟಸ್ಕರ್ ಎಂಟರ್ಡ್ ದಿ ಎಸ್ಟೇಟ್ ಅಟ್ ಡಸ್ಕ್. ದ ವರ್ಕರ್ಸ್ ಡ್ರಾಪ್ಡ್ ದೇರ್ ಬ್ಯಾಗ್ಸ್ ಆ್ಯಂಡ್ ಫ್ಲೆಡ್.' 'ಫ್ಲೆಡ್' ಅಂದ್ರೇನು? ಗೊತ್ತಿಲ್ಲ ಅಂತಿಟ್ಕೊಳ್ಳಿ. ಏನೋ ತೋಟಕ್ಕೆ ನುಗ್ಗಿದೆ, ಕೆಲಸದವರು ಚೀಲ ಬಿಸಾಕಿದ್ದಾರೆ. ಬಿಸಾಕಿ ಇನ್ನೇನು ಮಾಡ್ತಾರೆ? ಓಡಿರ್ತಾರೆ! ಸಿಕ್ತಲ್ಲ ಅರ್ಥ. ಟಸ್ಕರ್ ಅಂದ್ರೆ ಸಲಗ ಅನ್ನೋದೂ ಹೊಳೆದಿರುತ್ತೆ, ಕುಂದೂರಿನವರಿಗಂತೂ ಹೇಳಬೇಕಾಗಿಲ್ಲ.

ಕ್ರಮ ಹೀಗಿರಲಿ. ಮೊದಲು ಪ್ರಶ್ನೆಗಳನ್ನ ಓದಿ. ಆಮೇಲೆ ಪ್ಯಾಸೇಜ್ ಓದಿ. ಪ್ರಶ್ನೆಯ ಮುಖ್ಯ ಪದ ಪ್ಯಾಸೇಜಲ್ಲಿ ಎಲ್ಲಿದೆ ಹುಡುಕಿ, ಅದರ ಹಿಂದಿನ ಮುಂದಿನ ಸಾಲಲ್ಲಿ ಸಾಮಾನ್ಯವಾಗಿ ಉತ್ತರ ಇರುತ್ತೆ. 'ವೈ' ಅಂತ ಕೇಳಿದ್ರೆ 'ಬಿಕಾಸ್' ಹುಡುಕಿ, 'ವೆನ್' ಅಂದ್ರೆ ದಿನ, ವರ್ಷ ಹುಡುಕಿ. ಪರೀಕ್ಷೆಯಲ್ಲಿ ಪ್ರಶ್ನೆಪತ್ರಿಕೆ ಓದೋಕೇ ಅಂತ 15 ನಿಮಿಷ ಕೊಡ್ತಾರೆ. ಆ ಹೊತ್ತಲ್ಲಿ ಅಕ್ಕಪಕ್ಕ ನೋಡಬೇಡಿ. ಪ್ಯಾಸೇಜ್ ಒಂದು ಸಲ ಓದಿ, ಲೆಟರ್ ಯಾರಿಗೆ ಅಂತ ನೋಡಿ, ಕಥೆಯ ಸುಳಿವುಗಳನ್ನ ಮನಸ್ಸಲ್ಲೇ ಜೋಡಿಸಿ.

ಓದಿನ ಅಭ್ಯಾಸಕ್ಕೆ ನಿಮ್ಮ ಟೆಕ್ಸ್ಟ್ ಬುಕ್ಕೇ ಸಾಕು. ದಿನಾ ಒಂದು ಪುಟ ಜೋರಾಗಿ ಓದಿ, ಫೋನಲ್ಲಿ ರೆಕಾರ್ಡ್ ಮಾಡಿ, ಕೇಳಿ. ಎಲ್ಲಿ ತಡವರಿಸಿದ್ರೋ ಅಲ್ಲೇ ನಿಮಗೆ ಅರ್ಥ ಆಗಿಲ್ಲ. ಗ್ರಾಮರ್‌ಗೂ ಅದೇ ಪಾಠ ಬಳಸಿ. ಆರ್.ಕೆ. ನಾರಾಯಣ್ ಅವರ 'ಎ ಹೀರೋ' ಪಾಠದಲ್ಲಿ ಸ್ವಾಮಿ ಕಳ್ಳನನ್ನ ಕಚ್ಚುತ್ತಾನಲ್ಲ? 'ಸ್ವಾಮಿ ಬಿಟ್ ದ ಬರ್ಗ್ಲರ್.' ಪ್ಯಾಸಿವ್ ಮಾಡಿ: 'ದ ಬರ್ಗ್ಲರ್ ವಾಸ್ ಬಿಟನ್ ಬೈ ಸ್ವಾಮಿ.' ಅಪ್ಪ ಸ್ವಾಮಿಗೆ ಹೇಳೋ ಮಾತುಗಳನ್ನ ರಿಪೋರ್ಟೆಡ್ ಸ್ಪೀಚ್ ಮಾಡಿ. ಒಂದೇ ಪಾಠದಲ್ಲಿ ಕಥೆನೂ ಆಯ್ತು, ಗ್ರಾಮರೂ ಆಯ್ತು.

ಲೆಟರ್ ಕೂಡ ನಿಜವಾದ ವಿಷಯಕ್ಕೇ ಬರೆದು ಕಲಿಯಿರಿ. ಸಂಜೆ ಬಸ್ ಬೇಕು ಅಂತ ಡಿಪೋ ಮ್ಯಾನೇಜರ್‌ಗೆ, ಶಾಲೆ ದಾರೀಲಿ ಆನೆ ಇದೆ ಅಂತ ವಲಯ ಅರಣ್ಯಾಧಿಕಾರಿಗೆ. ಫ್ರಮ್, ಟು, ದಿನಾಂಕ, ವಿಷಯ, ಸಂಬೋಧನೆ, ಒಡಲು, ಮುಕ್ತಾಯ. ಈ ಚೌಕಟ್ಟು ಬದಲಾಗೋದಿಲ್ಲ. ಒಡಲಲ್ಲಿ ನಾಲ್ಕೈದು ಚಿಕ್ಕ ವಾಕ್ಯ: ನಾನು ಯಾರು, ಕಷ್ಟ ಏನು, ಅದರಿಂದ ಏನಾಗ್ತಿದೆ, ಏನು ಮಾಡಿಕೊಡಬೇಕು. ಉದ್ದ ವಾಕ್ಯದ ಆಸೆ ಬೇಡ.

ದಿನಕ್ಕೆ ನಲವತ್ತು ನಿಮಿಷ

ಕುಯ್ಲಿನ ಕಾಲದಲ್ಲಿ ಎರಡು ಗಂಟೆ ಇಂಗ್ಲಿಷ್‌ಗೆ ಕೊಡಿ ಅಂತ ನಾನು ಹೇಳಲ್ಲ. ನಲವತ್ತು ನಿಮಿಷ ಸಾಕು. ಹತ್ತು ನಿಮಿಷ ಜೋರಾಗಿ ಓದು. ಹದಿನೈದು ನಿಮಿಷ ಒಂದೇ ಒಂದು ಗ್ರಾಮರ್ ವಿಷಯ, ಅದರ ಹತ್ತು ವಾಕ್ಯ. ಹತ್ತು ನಿಮಿಷ ಐದು ಪದ, ಐದು ವಾಕ್ಯ. ಉಳಿದ ಐದು ನಿಮಿಷ ನಿನ್ನೆಯ ತಪ್ಪುಗಳು. ತಪ್ಪುಗಳಿಗೇ ಒಂದು ಸಣ್ಣ ನೋಟ್‌ಬುಕ್ ಇಡಿ. ಎಡಗಡೆ ನೀವು ಬರೆದದ್ದು, ಬಲಗಡೆ ಸರಿಯಾದದ್ದು. ಪರೀಕ್ಷೆ ಹಿಂದಿನ ದಿನ ಗೈಡ್ ಬೇಡ, ಆ ನೋಟ್‌ಬುಕ್ ತೆಗೀರಿ. ಭಾನುವಾರ ಒಂದು ಮಾದರಿ ಪತ್ರಿಕೆಯನ್ನ ಗಡಿಯಾರ ಇಟ್ಕೊಂಡು ಬರೀರಿ.

ಇಷ್ಟೆಲ್ಲ ಯಾಕೆ ಹೇಳ್ತಿದ್ದೀನಿ ಅಂದ್ರೆ, ಇದು 80 ಅಂಕದ ಮಾತು ಮಾತ್ರ ಅಲ್ಲ. ಕನ್ನಡ ಮಾಧ್ಯಮದ ಹುಡುಗ ಹುಡುಗಿಯರು ಪಿಯುಸಿ ಸೈನ್ಸೋ, ಡಿಪ್ಲೊಮಾನೋ ಸೇರಿದ ಮೊದಲ ವಾರವೇ ಎಲ್ಲ ಪುಸ್ತಕ ಇಂಗ್ಲಿಷ್ ಆಗಿಬಿಡುತ್ತೆ. ಗಣಿತ ಚೆನ್ನಾಗಿ ಬರೋ ಮಕ್ಕಳು ಪ್ರಶ್ನೆ ಅರ್ಥ ಆಗದೆ ಹಿಂದೆ ಬೀಳ್ತಾರೆ. ಕೆಲವರು ಇಂಗ್ಲಿಷ್ ಹೆದರಿಕೆಗೇ ಇಷ್ಟದ ಕೋರ್ಸ್ ಬಿಡ್ತಾರೆ, ಕೆಲವರು ಓದೇ ಬಿಟ್ಟು ತೋಟದ ಕೆಲಸಕ್ಕೆ ನಿಲ್ತಾರೆ. ತೋಟದ ಕೆಲಸ ಕೀಳಲ್ಲ. ಆದ್ರೆ ಅದು ನೀವು ಆರಿಸಿಕೊಂಡ ಕೆಲಸ ಆಗಿರಬೇಕು, ಒಂದು ವಿಷಯದ ಹೆದರಿಕೆ ನಿಮ್ಮನ್ನ ಅಲ್ಲಿಗೆ ತಳ್ಳಬಾರದು.

ಇಂಗ್ಲಿಷ್ ಕಲಿತ್ರೆ ಕನ್ನಡ ಬಿಟ್ಟ ಹಾಗೆ ಅನ್ನೋರಿಗೆ ನಿಮ್ಮ ಟೆಕ್ಸ್ಟ್ ಬುಕ್ಕಲ್ಲೇ ಉತ್ತರ ಇದೆ. 'ದ ಸಾಂಗ್ ಆಫ್ ಇಂಡಿಯಾ' ಪದ್ಯ ಬರೆದ ವಿ.ಕೃ. ಗೋಕಾಕರು ಇಂಗ್ಲಿಷ್ ಪ್ರೊಫೆಸರ್. ಶಾಲೆಗಳಲ್ಲಿ ಕನ್ನಡಕ್ಕೆ ಮೊದಲ ಸ್ಥಾನ ಸಿಗಬೇಕು ಅಂತ 1981ರಲ್ಲಿ ವರದಿ ಕೊಟ್ಟ ಸಮಿತಿಯ ಅಧ್ಯಕ್ಷರೂ ಅವರೇ, ಕನ್ನಡಕ್ಕೆ ಜ್ಞಾನಪೀಠ ತಂದವರೂ ಅವರೇ. ಎರಡು ಭಾಷೆ ಒಂದೇ ತಲೇಲಿ ಆರಾಮಾಗಿ ಇರಬಹುದು.

ಇನ್ನು ಒಂದು ವೇಳೆ ಅಂದುಕೊಂಡಷ್ಟು ಅಂಕ ಬರಲಿಲ್ಲ ಅಂದ್ರೂ ಅಲ್ಲಿಗೇ ಮುಗಿಯಲ್ಲ. ಪರೀಕ್ಷೆ-1 ಆದ ಮೇಲೆ ಅದೇ ವರ್ಷ ಪರೀಕ್ಷೆ-2 ಇದೆ. ನಾರಾಯಣ್ ಅವರ ಹೆಸರು ಆಗಲೇ ಹೇಳಿದೆ. ಆ ಮಹಾನುಭಾವರೂ ಕಾಲೇಜು ಸೇರೋ ಪ್ರವೇಶ ಪರೀಕ್ಷೆಯಲ್ಲಿ ಫೇಲಾಗಿ, ಒಂದು ವರ್ಷ ಮನೇಲಿ ಪುಸ್ತಕ ಓದ್ತಾ ಕೂತಿದ್ದರು. ಇವತ್ತು ಅವರ ಕಥೆ ನಿಮಗೆ ಪಾಠ.

ಹಾಗಾದ್ರೆ ಇವತ್ತಿನ ಹೋಮ್‌ವರ್ಕ್: ಇವತ್ತು ಊರಲ್ಲಿ ನಡೆದ ಒಂದು ಸುದ್ದಿ, ಒಂದೇ ಇಂಗ್ಲಿಷ್ ವಾಕ್ಯ. ಯಾರು, ಏನು ಮಾಡಿದರು, ಯಾರನ್ನ, ಎಲ್ಲಿ, ಯಾವಾಗ. ಬರೆದು ನಿಮ್ಮ ಮೇಷ್ಟ್ರಿಗೋ ಮಿಸ್‌ಗೋ ನಾಳೆ ತೋರಿಸಿ. ಪರೀಕ್ಷೆ ಬರೆಯೋ ಎಲ್ಲರಿಗೂ ಒಳ್ಳೇದಾಗಲಿ. ಕತ್ತಲಾಗೋ ಮುಂಚೆ ಮನೆ ಸೇರ್ಕೊಳ್ಳಿ.